ಶಾಲು ಕದ್ದವರು ನಮ್ಮನೇಲೇ ಇದ್ದಾರೆ!!

ಚಿಕ್ಕಮ್ಮಾ, ಪೆನ್ನು ಸಿಗ್ಲಿಲ್ಲ, ಫೋನಲ್ಲೇ ಬರೆದು ಮೇಜಿನ ಮೇಲಿಟ್ಟಿದ್ದೀನಿ. ಕೂತ್ಕೊಂಡು ಓದು!!

"ನಾನೇನು ಪತ್ತೇದಾರಿನಾ, ಹೆಣಿಗೆ ಹಾಕೋಕೆ ಬಿಡ್ರೇ" ಅಂತಿದ್ಯಲ್ಲ, ಕೇಸು ಮುಗೀತು. ಪ್ರದರ್ಶನಕ್ಕೆ ಅಂತ ಹೆಣೆದಿದ್ದ ನಿನ್ನ ನೀಲಿ ಶಾಲು ಕದ್ದಿದ್ದು ಎಲ್ಲರೂ ಅನುಮಾನ ಪಟ್ಟ ಟೈಲರ್ ಆಂಟಿ ಅಲ್ಲ, ನಮ್ಮಜ್ಜಿ!! ಕಾಲುಚೀಲ ಹುಡುಕ್ತಾ ಅವಳ ಬೀರು ತೆಗೆದ್ರೆ ನೀಲಿ ಉಣ್ಣೆ ಉಂಡೆ, ಎಳೆಯೆಲ್ಲಾ ಸುರುಳಿ ಸುರುಳಿ. ಹೆಣೆದು ಬಿಚ್ಚಿದ ಉಣ್ಣೆ ತಾನೇ ಹಾಗಿರೋದು! ಉಂಡೆ ಹಿಡ್ಕೊಂಡು ಹೋಗಿ ಅಜ್ಜೀನೇ ಕೇಳಿದೆ.

"ಮೂರನೇ ಸಾಲಲ್ಲಿ ಒಂದು ಕುಣಿಕೆ ತಪ್ಪಿತ್ತು ಕಣೇ. ಜನರ ಮುಂದೆ ಅವಳ ಮಾನ ಹೋಗ್ಬಾರ್ದು ಅಂತ ಬಿಚ್ಚಿದೆ. ಮತ್ತೆ ಹಾಕೋಕೆ ಕಣ್ಣು ಕಾಣ್ಲಿಲ್ಲ" ಅಂತಾಳೆ!

ಐದು ಗಂಟೆಗೆ ಆಂಟೀನ ಹೆಣಿಗೆ ಕ್ಲಾಸಿಂದ ತೆಗೀತಾರೆ, ತಡೆಯೋಕೆ ಓಡ್ತಿದ್ದೀನಿ. ಅಜ್ಜಿಗೆ ಮಾತ್ರ ಬೈಬೇಡ. ಬಾಗಿಲು ಸದ್ದಾದ್ರೆ ಸಾಕು, ನೀನೇ ಬಂದೆ ಅಂತ ಹೊದಿಕೆ ಎಳ್ಕೊಂಡು ಗೊರಕೆ ನಾಟಕ ಆಡ್ತಾಳೆ.