ಕುರುಡು ಚುಕ್ಕೆಯ ರಟ್ಟು

ಮನೆಯಿಂದ,
ಮಂಗಳವಾರ ಸಂಜೆ, ೧೪ನೇ ತಾರೀಕು

ಪ್ರೀತಿಯ ಅಣ್ಣಾ,

ಅಪ್ಪ ಇನ್ನು ಮೇಲೆ ಶಾಲೆಯ ಬಸ್ಸು ಓಡಿಸುವಂತಿಲ್ಲ. ನಿನ್ನೆ ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಮೊದಲು ನಿನ್ನ ಯೋಗಕ್ಷೇಮ ಕೇಳಬೇಕಿತ್ತು, ಕೈ ತಡೆಯಲಿಲ್ಲ. ಬೆನ್ನುನೋವು ಹೇಗಿದೆ? ಬಂದರಿನಲ್ಲಿ ನಿನ್ನ ಕ್ರೇನಿನ ಮೇಲೆ ಗಾಳಿ ಜೋರಂತೆ, ಕಿವಿಗೆ ಬಟ್ಟೆ ಕಟ್ಟಿಕೋ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳುವಷ್ಟರಲ್ಲೇ ‘ಏನೂ ಆಗಲ್ಲ ಬಿಡೇ’ ಅಂದುಬಿಡುತ್ತೀಯ.

ಶುರುವಾದದ್ದು ನಾನು ಏಳನೇ ತರಗತಿಗೆ ಮಾಡಬೇಕಿದ್ದ ಪಾಠದಿಂದ. ಕಣ್ಣಿನ ಹಿಂಬದಿಯಲ್ಲಿ, ನರ ಹೊರಗೆ ಹೋಗುವ ಕಡೆ, ಬೆಳಕು ತಿಳಿಯದ ಒಂದು ಜಾಗ ಎಲ್ಲರಿಗೂ ಇರುತ್ತದೆ. ಅದೇ ಕುರುಡು ಚುಕ್ಕೆ. ತೋರಿಸಲು ಒಂದು ರಟ್ಟಿನ ಚೂರು ಸಾಕು. ಎಡಗಡೆ ಒಂದು ಗುಣಿಸುವ ಗುರುತು, ಬಲಗಡೆ ಒಂದು ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ನೋಡುತ್ತ ರಟ್ಟನ್ನು ಹತ್ತಿರ ತಂದರೆ ಒಂದು ಹಂತದಲ್ಲಿ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮರಳಿ ಬರುತ್ತದೆ. ಮಕ್ಕಳಿಗೆ ತೋರಿಸುವ ಮುಂಚೆ ಅಡುಗೆಮನೆಯಲ್ಲೇ ಮಾಡಿ ನೋಡಿದೆ. ಅಮ್ಮನಿಗೆ ಚುಕ್ಕೆ ಹೋಯಿತು, ಬಂತು. ನನಗೂ ಅಷ್ಟೇ. ಅಪ್ಪನಿಗೆ ಹೋದದ್ದು ಬರಲೇ ಇಲ್ಲ. ರಟ್ಟು ಮೂಗಿಗೆ ತಾಗಿತು. ‘ನಿನ್ ಚುಕ್ಕೇನ ಯಾರೋ ಕದ್ಕೊಂಡು ಹೋದ್ರು ಟೀಚರಮ್ಮಾ’ ಎಂದು ನಕ್ಕರು. ಎಡಗಣ್ಣಿಗೂ ಆಗಲೆಂದು ರಟ್ಟು ತಿರುಗಿಸಿ ಕೊಟ್ಟೆ. ಅದರಲ್ಲೂ ಚುಕ್ಕೆ ಮರಳಲಿಲ್ಲ. ಆಗ ಅಪ್ಪ ನಗಲಿಲ್ಲ.

ಡಾಕ್ಟರು ಹೇಳಿದ್ದಿಷ್ಟು: ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸೊರಗಿದೆ. ಗ್ಲಾಕೋಮಾ. ನೋವಿಲ್ಲದೆ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಎದುರಿನದು ಚೆನ್ನಾಗಿಯೇ ಕಾಣುವುದರಿಂದ ಗೋಡೆಯ ಮೇಲಿನ ಅಕ್ಷರ ಓದಿಸುವ ಲೈಸೆನ್ಸಿನ ಪರೀಕ್ಷೆಯಲ್ಲಿ ಅಪ್ಪ ಪಾಸು. ಹೋದ ನೋಟ ಮರಳುವುದಿಲ್ಲ. ಹನಿ ಹಾಕಿ ಉಳಿದದ್ದನ್ನು ಕಾಯಬೇಕು. ಕಾಣದ ಜಾಗ ಕಪ್ಪಾಗಿಯೂ ತೋರುವುದಿಲ್ಲವಂತೆ. ಮಿದುಳು ಸುತ್ತಲಿನ ಬಣ್ಣವನ್ನೇ ಅಲ್ಲಿಗೆ ಬಳಿದುಬಿಡುತ್ತದೆ. ಸುತ್ತ ರಸ್ತೆಯಿದ್ದರೆ, ಅಲ್ಲಿಯೂ ರಸ್ತೆ.

ಪೇಪರ್ ಹಾಕುವವನ ಕಾಲು ಮುರಿದದ್ದು ನಿನಗೆ ಗೊತ್ತಲ್ಲ, ತಿರುವಿನಲ್ಲಿ ಬಸ್ಸು ಅವನ ಸೈಕಲ್ಲಿಗೆ ತಗುಲಿ. ‘ಅವನೆಲ್ಲಿದ್ದ? ರಸ್ತೆ ಖಾಲಿ ಇತ್ತು’ ಎಂದು ಅಪ್ಪ ಆಣೆ ಮಾಡಿದ್ದರು. ಬೀದಿಯೆಲ್ಲ ಅವರನ್ನು ಸುಳ್ಳುಗಾರ ಅಂದಿತು. ಅಪ್ಪ ಸುಳ್ಳು ಹೇಳಿರಲಿಲ್ಲ. ನಿನ್ನೆ ಆಸ್ಪತ್ರೆಯಿಂದ ನೆಟ್ಟಗೆ ಅವನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ‘ನೀನಿದ್ದೆ ಕಣಪ್ಪಾ, ನಂಗೆ ಕಾಣ್ಲಿಲ್ಲ’ ಅಂದರು. ಅವನ ಹೆಂಡತಿ ಬಾಗಿಲು ಹಾಕಿಕೊಂಡಳು. ಇವತ್ತು ಬಸ್ಸಿನ ಕೀಲಿ ಶಾಲೆಗೆ ಒಪ್ಪಿಸಿ ಬಂದು ತಲೆ ತಗ್ಗಿಸಿ ಕೂತಿದ್ದಾರೆ. ಅಮ್ಮ ಹನಿ ಹಾಕುವಾಗ ಮಾತ್ರ ತಲೆ ಎತ್ತುತ್ತಾರೆ.

ಅಮ್ಮನ ಆಶೀರ್ವಾದ. ಅತ್ತಿಗೆಗೂ ಪುಟ್ಟಿಗೂ ನನ್ನ ಪ್ರೀತಿ.

ನಿನ್ನ ತಂಗಿ

ತಾ.ಕ.: ಇದು ರಕ್ತದಲ್ಲಿ ಬರುತ್ತದಂತೆ, ಮಕ್ಕಳೂ ತೋರಿಸಿಕೊಳ್ಳಬೇಕಂತೆ. ಕಳೆದ ಸಲ ಬಂದಾಗ ನೀನು ಊಟದ ಮಧ್ಯೆ ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಎರಡು ಸಲ ಕೈ ತಾಗಿಸಿ ಚೆಲ್ಲಿದೆ. ‘ಥೇಟ್ ಅಪ್ಪನೇ’ ಎಂದು ಅಮ್ಮ ನಕ್ಕಿದ್ದಳು. ರಟ್ಟನ್ನು ಜೊತೆಗಿಟ್ಟಿದ್ದೇನೆ. ಚುಕ್ಕೆ ಮರಳಿ ಬಂದರೂ ಅದನ್ನೇ ನಂಬಿ ಕೂರಬೇಡ, ಅದು ಮಕ್ಕಳ ಆಟ. ನಿನ್ನ ಕ್ರೇನಿನ ಕೆಳಗೆ ಜನ ಓಡಾಡುತ್ತಾರೆ. ಬಂದರಿನ ಆಸ್ಪತ್ರೆಗೆ ಫೋನ್ ಮಾಡಿ ನಿನ್ನ ಹೆಸರು ಬರೆಸಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನ ಸರದಿ.