ಎಡಗೆನ್ನೆಯ ಸೂಜಿ

೮ ನವೆಂಬರ್ ೧೯೩೮. ಗೋಕಾಕ ದವಾಖಾನೆ
ಇವತ್ತೂ ಗಂಜಿಯೇ. ಮೊನ್ನೆ ಆಪರೇಶನ್ ಆಯಿತು. ಎಡಗೆನ್ನೆಯ ಎಲುಬಿನೊಳಗಿನ ಕೀವೆಲ್ಲ ತೆಗೆದರಂತೆ. ನೋವು... ಶಿವನೇ! ಮುಂಜಾನೆ ಗಾಯ ತೊಳೆಯುವ ಮೊದಲು ಡಾಕ್ಟರು ಕಣ್ಣಿನ ಕೆಳಗೆ ನರ ಹುಡುಕಿ ನೊವೊಕೇನ್ ಸೂಜಿ ಚುಚ್ಚುತ್ತಾರೆ. ಕೆನ್ನೆ, ತುಟಿ ಎಲ್ಲ ಮರಗಟ್ಟುತ್ತದೆ. ಆಮೇಲೆ ನರ್ಸ್ ಬಾಳವ್ವ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ತೊಳೆಯುತ್ತಾರೆ. ಹಿಡಿದದ್ದು ನನಗೆ ಗೊತ್ತೇ ಆಗುವುದಿಲ್ಲ.

೧೦ ನವೆಂಬರ್
ಬಾಳವ್ವನವರ ಊರು ಬೆಲ್ಲದ ಬಾಗೇವಾಡಿ. ಗಂಡ ಪ್ಲೇಗಿನಲ್ಲಿ ಹೋದನಂತೆ. ಆಮೇಲೆ ನರ್ಸಿಂಗ್ ಕಲಿತದ್ದು.
"ಮಾಸ್ತರ್ರ, ಸಾಲಿ ಹುಡುಗೂರು ನಿಮಗಿಂತ ಚಲೋ. ಬಾಯಿ ತೆಗಿ ಅಂದ್ರ ತೆಗೀತಾವು!"
ನಕ್ಕರು. ಹೆಂಡತಿ ಕಾಶೆವ್ವ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಹೀಗೆ ಯಾರೂ ನಕ್ಕಿಲ್ಲ. ಕೇಳಬೇಕು — ನನ್ನ ಜೊತೆ ಉಡಿಕಿ ಆಗುತ್ತೀರಾ ಎಂದು. ವಿಧವೆಯ ಮರುಮದುವೆ ನಮ್ಮ ಮಂದಿಗೆ ಹೊಸತಲ್ಲ. ನನಗೇ ಧೈರ್ಯವಿಲ್ಲ.

೧೧ ನವೆಂಬರ್
ಸೂಜಿ ಬೇಡವೆಂದೆ. ನೋವಿಲ್ಲವೆಂದು ಹಸಿ ಸುಳ್ಳು. ತೊಳೆಯುವಾಗ ಜೀವ ಹೋಗಿ ಬಂತು. ಆದರೆ ಆ ಅಂಗೈ! ಬೆಚ್ಚಗೆ, ಸ್ವಲ್ಪ ಒರಟು. ಸತ್ತರೂ ಚಿಂತೆಯಿಲ್ಲ, ನಾಳೆಯೂ ಬೇಡವೆನ್ನುತ್ತೇನೆ.

೧೪ ನವೆಂಬರ್. ಸಂಜೆ
ಹುಚ್ಚ ಖೋಡಿ ನಾನು! "ಸೂಜಿ ಇಲ್ದ ತಡಕೊಳ್ಳಾಕತ್ತೀರಿ ಅಂದ್ರ ಆರಾಮ ಆತು. ನಾಳೆ ಊರಿಗೆ ಹೋಗ್ರಿ" ಎಂದರು ಡಾಕ್ಟರು. ಎಷ್ಟು ನೋವೈತ್ರೀ ಎಂದು ಈಗ ಹೇಗೆ ಹೇಳಲಿ? ಗಾಡಿ ತರಲು ನನ್ನ ತಮ್ಮ ಅಲ್ಲಪ್ಪನಿಗೆ ಕೌಜಲಗಿಗೆ ಹೇಳಿ ಕಳಿಸಿದ್ದಾರೆ. ಇನ್ನು ಉಳಿದದ್ದು ನಾಳೆ ಮುಂಜಾನೆಯಷ್ಟೇ.

೧೫ ನವೆಂಬರ್. ಮುಂಜಾನೆ
ಗಾಡಿ ಬಂದಿದೆ. ಕೇಳಿಯೇಬಿಡುವುದೆಂದು ಎದ್ದು ಕುಳಿತಿದ್ದೆ. ಬಾಳವ್ವನವರು ಡಾಕ್ಟರನ್ನೇ ಕರೆತಂದರು.
"ದಾರ್ಯಾಗ ಗಾಡಿ ಕುಲುಕ್ತೈತಿ, ಸಾಹೇಬ್ರ. ಇವರು ಹೇಳೂದಿಲ್ಲ, ಆದ್ರ ನೋವೈತಿ. ಒಂದು ಸೂಜಿ ಹಾಕ್ರಿ."
ಬೇಡವೆನ್ನುವಷ್ಟರಲ್ಲಿ ಚುಚ್ಚಿಯೂ ಆಯಿತು. ಡಾಕ್ಟರು ಹೋದರು. ಕೇಳಿದೆ. ತುಟಿ ಏಳಲಿಲ್ಲ, ಜೊಲ್ಲು ಸೋರಿತು. ಥೂ!
"ಏನಂದ್ರಿ?"
ಮತ್ತೆ ಹೇಳಿದೆ. ಅವರಿಗೆ ಮತ್ತೂ ಗೊತ್ತಾಗಲಿಲ್ಲ. ಸೆರಗಿನಿಂದ ನನ್ನ ಗದ್ದ ಒರೆಸಿದರು.
"ಅಣ್ಣಾ, ಬಿಸಿಲೇರಾಕತ್ತೈತಿ" ಎಂದು ಅಲ್ಲಪ್ಪ ಕೂಗಿದ.
"ಗಾಡಿ ನಿಂದರ್ಲಿ" ಎಂದರು ಬಾಳವ್ವನವರು. "ಮಾಸ್ತರ್ರ, ತುಟಿಗಿ ಜೀವ ಬರ್ಲಿ, ಆಮ್ಯಾಲ ಹೇಳ್ರಿ. ಅಲ್ಲೀತನಾ ಇಲ್ಲೇ ಕುಂದರ್ತೀನಿ."
ಕುಳಿತಿದ್ದಾರೆ. ಬ್ಯಾಂಡೇಜಿನ ಪಟ್ಟಿಗಳನ್ನು ಸುರುಳಿ ಸುತ್ತುತ್ತಿದ್ದಾರೆ, ನನ್ನ ಕಡೆ ನೋಡುತ್ತಿಲ್ಲ. ಮೂಗಿನ ಬಾಜೂ ಜುಮುಜುಮು. ನೋವು ಬರುತ್ತಿದೆ. ಬಾರಪ್ಪಾ, ಲಗೂ ಬಾ. ಮೇಲ್ತುಟಿ ಅಲುಗಿತು —