ಇನ್ನೊಂದು ಮಗ್ಗಿ

ನ್ಯೂ ಟೌನ್, ಭದ್ರಾವತಿ
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಮುದ್ದು ಸಂಧ್ಯಾ,

ನಿನ್ನ ಅಕ್ಕನ ಆಶೀರ್ವಾದಗಳು. ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಾಲ್ಕಾಡಿ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗದು.

ನಿನ್ನ ಮಗಳು ಲಿಖಿತಾ ಎಲ್ಲ ಹೇಳಿದಳು. ಸೊಂಟದಿಂದ ಹಿಮ್ಮಡಿಯವರೆಗೆ ವರ್ಷದಿಂದ ಉರಿಯುವ ನಿನ್ನ ನೋವಿಗೆ ಶಿವಮೊಗ್ಗದ ಡಾಕ್ಟರು ರಾತ್ರಿಗೊಂದು ಸಣ್ಣ ಮಾತ್ರೆ ಬರೆದುಕೊಟ್ಟರಂತೆ. ಅವಳು ಮೊಬೈಲಿನಲ್ಲಿ ಹುಡುಕಿ, ಇದು ಖಿನ್ನತೆಯ ಮಾತ್ರೆ ಎಂದಳಂತೆ. ನೀನು ಒಂದನ್ನೂ ನುಂಗದೆ ಶೀಟನ್ನೇ ಕಸದ ಬುಟ್ಟಿಗೆ ಹಾಕಿ, "ಡಾಕ್ಟ್ರಿಗೂ ನನ್ನ ನೋವು ಸುಳ್ಳು ಅನ್ನಿಸ್ತು. ಅಮ್ಮಂಗೆ ಅಂದಂಗೇ ನಂಗೂ ಅಂದ್ರು" ಎಂದು ಗೋಡೆ ಕಡೆ ತಿರುಗಿ ಮಲಗಿದೆಯಂತೆ.

ಅದನ್ನು ಕೇಳಿದಾಗಿನಿಂದ ನಮ್ಮ ಹಳೆಯ ಕ್ವಾರ್ಟರ್ಸೇ ಕಣ್ಣ ಮುಂದೆ. ಸೈರನ್ ಕೂಗಿ ಅಪ್ಪ ಕಾರ್ಖಾನೆಗೆ ಹೊರಟ ಮೇಲೆ ಅಮ್ಮ ಚಾಪೆ ಹಾಸಿ ಬೋರಲಾಗಿ ಮಲಗುತ್ತಿದ್ದಳು. ನಾವು ಕಿಟಕಿಯ ಸರಳು ಹಿಡಿದು, ಸರದಿಯ ಮೇಲೆ ಅವಳ ಬೆನ್ನು ತುಳಿಯಬೇಕು, ಬಾಯಲ್ಲಿ ಮಗ್ಗಿ ಹೇಳಬೇಕು. ಮಗ್ಗಿ ಮುಗಿದರೆ ಸರದಿ ಮುಗಿಯಿತು. ಏಳರ ಮಗ್ಗಿಯಲ್ಲಿ ನೀನು ಇಪ್ಪತ್ತೆಂಟರಿಂದ ನೇರ ಎಪ್ಪತ್ತಕ್ಕೆ ಹಾರುತ್ತಿದ್ದೆ, ಕಳ್ಳಿ. ಅಮ್ಮ ಬೈಯುತ್ತಿರಲಿಲ್ಲ. "ಇನ್ನೊಂದು ಮಗ್ಗಿ ಹೇಳ್ರೇ" ಎನ್ನುತ್ತಿದ್ದಳು ಅಷ್ಟೇ. ಸ್ಕೂಲಿನಲ್ಲಿ ಮೇಷ್ಟ್ರು ಹೊಗಳಿದಾಗ, ನಮ್ಮಮ್ಮ ಎಷ್ಟು ಉಪಾಯದಿಂದ ಲೆಕ್ಕ ಕಲಿಸುತ್ತಾಳೆ ಎಂದು ನಾವು ಬೀಗಿದ್ದೇ ಬೀಗಿದ್ದು. ಪಾಪ, ನಮ್ಮ ಪಾದಗಳು ಇನ್ನಷ್ಟು ಹೊತ್ತು ಬೆನ್ನ ಮೇಲಿರಲಿ ಎಂದು ಅವಳು ಬೇಡುತ್ತಿದ್ದಳು ಎಂಬುದು ಹೊಳೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಅಪ್ಪನ ಅಕ್ಕ ದೊಡ್ಡತ್ತೆ ಬಂದಾಗಲೆಲ್ಲ, ಮುಸುರೆ ತಪ್ಪಿಸಿಕೊಳ್ಳಲು ಇವಳದು ನಾಟಕ ಎನ್ನುತ್ತಿದ್ದಳು. ಅಮ್ಮ ಎದ್ದು ಹೋಗಿ ಪಾತ್ರೆ ತಿಕ್ಕುತ್ತಿದ್ದಳು.

ಇಲ್ಲಿಯ ಡಾಕ್ಟರಮ್ಮನನ್ನು ನಾನು ಹಿಂದೊಮ್ಮೆ ಈ ಮಾತ್ರೆಯ ಬಗ್ಗೆ ಕೇಳಿದ್ದೆ. ಯಾಕೆ ಕೇಳಿದೆ ಎಂಬುದು ಈಗ ಬೇಡ. ನೋವು ನಿಜವೇ, ನರಗಳು ಅದನ್ನು ಬಿಡದೆ ಸಾರುತ್ತಲೇ ಇರುತ್ತವೆ ಅಂದರು. ಪಾಳಿ ಬದಲಾದ ಮೇಲೂ ಸೈರನ್ ಕೂಗುತ್ತಲೇ ಇದ್ದರೆ ಹೇಗೆ, ಹಾಗೆ ಎಂದು ನಾನು ತಿಳಿದುಕೊಂಡೆ. ಅದೇ ಮಾತ್ರೆಯನ್ನು ಮನಸ್ಸಿನ ಕಾಯಿಲೆಗೆ ಹೆಚ್ಚು ಕೊಡುತ್ತಾರಂತೆ. ಈ ಕೂಗು ತಗ್ಗಿಸಲು ಚೂರೇ ಚೂರು ಸಾಕಂತೆ. ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಿದರೂ ಕೆಲವು ವಾರ ಕಾಯಬೇಕು. ಬಾಯಿ ಒಣಗುತ್ತದೆ, ಬೆಳಿಗ್ಗೆ ತೂಕಡಿಕೆ ಬರುತ್ತದೆ. ಹಾಸಿಗೆ ಪಕ್ಕ ಒಂದು ಚೊಂಬು ನೀರಿಟ್ಟುಕೊಂಡರೆ ಆಯಿತು.

ಅಮ್ಮನ ನೋವನ್ನು ನಂಬಿದವರು ಒಬ್ಬರೂ ಇರಲಿಲ್ಲ. ನಿನ್ನದನ್ನು ಒಬ್ಬರು ನಂಬಿ ಔಷಧಿ ಬರೆದುಕೊಟ್ಟರೆ, ನೀನು ಆ ಚೀಟಿಯನ್ನೇ ಬೈಗುಳ ಅಂತ ಓದಿಕೊಂಡೆಯಲ್ಲ, ಮಾರಾಯ್ತಿ. ಲಿಖಿತಾಳನ್ನು ಕರೆದುಕೊಂಡು ಮತ್ತೆ ಅವರ ಹತ್ತಿರವೇ ಹೋಗು. ಇದನ್ನೆಲ್ಲ ಅವರ ಬಾಯಿಂದಲೇ ಕೇಳು.

ನಿನ್ನ ದಾರಿ ಕಾಯುವ ಅಕ್ಕ,
ವಸಂತ

ತಾ.ಕ.: ಲಕೋಟೆಯಲ್ಲಿ ಮಾತ್ರೆಯ ಖಾಲಿ ಶೀಟೊಂದು ಇದೆ. ಲಿಖಿತಾ ಹೇಳಿದ ಹೆಸರೇ ಅದರ ಮೇಲೂ ಇದೆ; ನುಂಗಿದವಳು ನಾನು. ಎರಡು ವರ್ಷದಿಂದ ಕಾಫಿಪುಡಿ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೇನೆ. ದೊಡ್ಡತ್ತೆ ಹೋಗಿ ಎಷ್ಟು ಕಾಲವಾಯಿತು, ಅವಳ ನಾಲಿಗೆಯ ಹೆದರಿಕೆ ಇನ್ನೂ ಹೋಗಿಲ್ಲ ನೋಡು. ದೀಪಾವಳಿಗೆ ಬಂದಾಗ ನಾನು ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕಿದ್ದನ್ನು ಕಂಡು, ಅಕ್ಕನಿಗೆ ವಯಸ್ಸು ಇಳಿಯುತ್ತಿದೆ ಎಂದೆಯಲ್ಲ, ಅದರ ಗುಟ್ಟು ಇದು. ನಿನ್ನ ಬೆನ್ನು ತುಳಿಯಲು ನಾನೇ ಬಂದುಬಿಡುತ್ತಿದ್ದೆ. ಆದರೆ ಈಗಿನ ನನ್ನ ತೂಕಕ್ಕೆ, ಒಂದರ ಮಗ್ಗಿ ಮುಗಿಯುವುದರೊಳಗೆ ನೀನು ಅಪ್ಪಚ್ಚಿ.